ಹಬ್ಬದ ಪೆಟ್ಟಿಗೆಗೆ ಪರೀಕ್ಷಕರನ್ನು ನೇಮಿಸಿದ ಹೆಟ್ಟಿ ಬ್ರೋಸ್ಟಾಫ್

ಲೀಡ್ಸ್ ನಗರದ ನಮ್ಮ ಯಹೂದಿ ಸಮುದಾಯದಲ್ಲಿ ಕೊಡುವ ಕೈಗಳಿಗೆ ಎಂದೂ ಕೊರತೆಯಿರಲಿಲ್ಲ. ತೆಗೆದುಕೊಳ್ಳುವವರ ತಲೆ ತಗ್ಗದಂತೆ ಕೊಡಬಲ್ಲವರು ಮಾತ್ರ ಬೆರಳೆಣಿಕೆಯಷ್ಟು. ಮೂವತ್ತೊಂದು ವರ್ಷ ‘ತೆರೆದ ಕೈ’ ಸಂಘದ ಮೇಲ್ವಿಚಾರಕಿಯಾಗಿದ್ದು ಈ ವಸಂತದಲ್ಲಿ ನಿವೃತ್ತರಾದ ಶ್ರೀಮತಿ ಹೆಟ್ಟಿ ಬ್ರೋಸ್ಟಾಫ್ ಅವರು ಆ ಕೆಲವರಲ್ಲಿ ಅಗ್ರಗಣ್ಯರು. ಊರಿನ ವೃದ್ಧರಿಗೆ ಬಿಸಿಯೂಟ, ರೋಗಿಗಳಿಗೆ ಆಸ್ಪತ್ರೆಗೆ ಹೋಗಿಬರಲು ಕಾರು, ಕಡಲಾಚೆ ಮಾಲ್ಡೋವಾದ ಬೆಲ್ಟ್ಸಿ ಪಟ್ಟಣದಲ್ಲಿ ಯುದ್ಧ ಕಂಡು ಉಳಿದ ಹಿರಿಯರಿಗೆ ಚಳಿಗಾಲದ ಸೌದೆ, ಹಬ್ಬದ ಆಹಾರ: ಇವೆಲ್ಲ ಅವರ ಮೇಜಿನ ಮೇಲೆಯೇ ಹಾದುಹೋದವು. ಅವರ ಎದುರಿನ ಮೇಜಿನಲ್ಲಿ ಕಾರ್ಯದರ್ಶಿಯಾಗಿ ಇಪ್ಪತ್ತೆಂಟು ವರ್ಷ ಕುಳಿತವಳು ನಾನು. ಗುಣಗಾನವನ್ನು ಈ ಅಭಿನಂದನಾ ಸಂಪುಟದ ಇತರ ಲೇಖಕರಿಗೆ ಬಿಟ್ಟು, ನಾನು ಮಾಡಿದ ಒಂದು ತಪ್ಪನ್ನೂ ಅವರು ಅದನ್ನು ಸರಿಪಡಿಸಿದ ಬಗೆಯನ್ನೂ ಮಾತ್ರ ಇಲ್ಲಿ ಬರೆಯುತ್ತೇನೆ.

ಈಜಿಪ್ಟಿನ ಜೀತದಿಂದ ಬಿಡುಗಡೆಯಾದುದನ್ನು ನೆನೆಯುವ ಪೆಸಾಖ್ ಹಬ್ಬಕ್ಕೆ ಮೂರು ವಾರವಿರುವಾಗ ಸಂಘದ ಸಭಾಂಗಣದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ತುಂಬುವ ಕೆಲಸ ನಡೆಯುತ್ತದೆ. ಎಂಟು ದಿನ ಹುಳಿ ಬಂದ ಹಿಟ್ಟು ಮನೆಯೊಳಗಿರಬಾರದು, ಅದು ತಾಗಿದ ಪಾತ್ರೆ-ಸಲಕರಣೆಗಳನ್ನೂ ಬಳಸಬಾರದು. ಆದ್ದರಿಂದ ಹುಳಿಯಿಲ್ಲದ ಮಾತ್ಸಾ ರೊಟ್ಟಿ, ಮಾತ್ಸಾ ಪುಡಿ, ಮೀನಿನ ಡಬ್ಬಿ, ಖಾರದ ಮೂಲಂಗಿ, ದ್ರಾಕ್ಷಿರಸ, ಚಹಾ, ಸಕ್ಕರೆ. ಅರ್ಧ ಪೆಟ್ಟಿಗೆಗಳು ಊರೊಳಗೆ ಹಂಚಿಹೋಗುತ್ತವೆ, ಅರ್ಧ ಲಾರಿಯೇರಿ ಬೆಲ್ಟ್ಸಿಗೆ ಹೊರಡುತ್ತವೆ. ಪೆಟ್ಟಿಗೆ ತುಂಬಲು ಬಂದ ಪ್ರತಿಯೊಬ್ಬರೂ ಒಂದು ಪೆಟ್ಟಿಗೆಯನ್ನು ಮನೆಗೆ ಒಯ್ಯಬೇಕೆಂಬುದು ಹೆಟ್ಟಿಯವರು ಬಂದ ವರ್ಷವೇ ಮಾಡಿದ ನಿಯಮ. ವೈದ್ಯರೂ ಒಯ್ಯುತ್ತಿದ್ದರು, ವಕೀಲರೂ ಒಯ್ಯುತ್ತಿದ್ದರು.

೧೯೯೬ರಲ್ಲಿ, ಸೇರಿ ಎರಡೇ ವರ್ಷವಾಗಿದ್ದರೂ ಎಲ್ಲ ಬಲ್ಲವಳಂತೆ ಬೀಗುತ್ತಿದ್ದ ನಾನು, ಈ ನಿಯಮವನ್ನು ರದ್ದುಮಾಡಬೇಕೆಂದು ಸಮಿತಿಯ ಮುಂದೆ ಸೂಚನೆ ಇಟ್ಟೆ. ತುಂಬಲು ಬರುವ, ಹೊಟ್ಟೆ ತುಂಬಿದ ನಲವತ್ತು ಮಂದಿಗೆ ಪೆಟ್ಟಿಗೆ ಏಕೆ? ಬೆಲ್ಟ್ಸಿಯಲ್ಲಿ ಇನ್ನೂ ನಲವತ್ತು ಮುದುಕರು ಉಣ್ಣುತ್ತಾರಲ್ಲ! ಹೆಟ್ಟಿಯವರು “ಬೇಡ” ಎಂದರು. ಕಾರಣ ಕೇಳಿದರೆ ಮತ್ತೊಮ್ಮೆ “ಬೇಡ” ಎಂದರು. ಹನ್ನೊಂದು ಮತ ನನಗೆ, ಒಂದು ಅವರಿಗೆ. ಆ ಸಂಜೆ ನಾನು ಗೆದ್ದೆನೆಂದು ಹಿಗ್ಗಿಹೋಗಿದ್ದೆ.

ಆ ನಲವತ್ತು ಮಂದಿಯಲ್ಲಿ ಹೈಮಿ ಲುಬೆಲ್ಸ್ಕಿ ಎಂಬ ವೃದ್ಧರೊಬ್ಬರಿದ್ದರು. (ಇದು ಅವರ ನಿಜವಾದ ಹೆಸರಲ್ಲ. ನಿಜವಾದದ್ದನ್ನು ಅಚ್ಚುಹಾಕಿದರೆ ಹೆಟ್ಟಿಯವರು ಈ ಸಂಪುಟವನ್ನೇ ಹಿಂದಿರುಗಿಸುತ್ತಾರೆ.) ಉಡುಪು ಕಾರ್ಖಾನೆಯೊಂದರಲ್ಲಿ ನಲವತ್ತು ವರ್ಷ ಇಸ್ತ್ರಿ ಹಾಕಿದವರು, ಕಾರ್ಖಾನೆ ಮುಚ್ಚಿದ ಮೇಲೆ ಒಂಟಿಯಾಗಿದ್ದವರು. ಹಿಂದೊಮ್ಮೆ ನಮ್ಮ ಹೆಂಗಸರು ಹಣ್ಣಿನ ಬುಟ್ಟಿ ಕೊಟ್ಟುಬಂದರೆ, ಅದನ್ನು ಹೊತ್ತುಕೊಂಡು ಮೂರು ಮೈಲಿ ನಡೆದು ಬಂದು, “ಯಾರಾದ್ರೂ ಬಡವರಿಗೆ ಕೊಡಿ” ಎಂದು ಹೆಟ್ಟಿಯವರ ಮೇಜಿನ ಮೇಲಿಟ್ಟು ಹೋಗಿದ್ದರಂತೆ. ತುಂಬುವವರ ಪೆಟ್ಟಿಗೆಯ ನಿಯಮ ಹುಟ್ಟಿದ್ದು ಅದರ ಮರುವಾರ. ಅದಿಲ್ಲದಿದ್ದರೆ ಆ ಮನೆಯಲ್ಲಿ ಹಬ್ಬವೇ ಇರಲಿಲ್ಲ. ಇದನ್ನು ಬಲ್ಲವರು ಹೆಟ್ಟಿ ಒಬ್ಬರೇ.

ಆ ವರ್ಷ ಲುಬೆಲ್ಸ್ಕಿಯವರು ಎಂದಿನಂತೆ ಬಂದು, ಎಲ್ಲರಿಗಿಂತ ಹೆಚ್ಚು ಪೆಟ್ಟಿಗೆ ತುಂಬಿ, ಟೋಪಿ ಇಟ್ಟುಕೊಂಡು ಬರಿಗೈಯಲ್ಲಿ ಹೊರಟರು. ಬಾಗಿಲಲ್ಲಿ ನಿಂತಿದ್ದ ನಾನು, ಅವರ ಪಾಲು ಈ ಸಲ ಬೆಲ್ಟ್ಸಿಯ ಒಬ್ಬರಿಗೆ ಸೇರುತ್ತದೆಂದು ಹೆಮ್ಮೆಯಿಂದ ಹೇಳಿದೆ.

“ಒಳ್ಳೇದಾಯ್ತು ಬಿಡಮ್ಮ. ಅಲ್ಲಿ ಹಸಿದವ್ರು ಜಾಸ್ತಿ” ಎಂದರು ಅವರು.

ಹೆಟ್ಟಿಯವರು ಇದನ್ನು ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ನನ್ನಿಂದ ಒಂದು ಪತ್ರ ಟೈಪ್ ಮಾಡಿಸಿದರು: ಹೊರದೇಶಕ್ಕೆ ಹೋಗುವ ಪೆಟ್ಟಿಗೆಯ ಗುಣಮಟ್ಟವನ್ನು ಇದುವರೆಗೆ ಯಾರೂ ಪರೀಕ್ಷಿಸಿಲ್ಲ, ಅನುಭವಸ್ಥರಾದ ಶ್ರೀ ಲುಬೆಲ್ಸ್ಕಿಯವರು ಎಂಟು ದಿನವೂ ಅದರಲ್ಲಿರುವುದನ್ನೇ ಉಂಡು, ಲೋಪದೋಷಗಳನ್ನು ಲಿಖಿತವಾಗಿ ತಿಳಿಸಬೇಕು.

“ಇದೇನು ಹುಚ್ಚು ಮಿಸೆಸ್ ಬ್ರೋಸ್ಟಾಫ್? ಮಾತ್ಸಾಗೂ ಪರೀಕ್ಷೆಯಾ?” ಎಂದೆ.

“ಸುಮ್ನೆ ಟೈಪ್ ಮಾಡೇ. ಸೀಲು ಕಾಣೋ ಹಾಗೆ ಹೊಡಿ” ಎಂದರು. ಆ ಪೆಟ್ಟಿಗೆಯನ್ನು ಅವರು ತಮ್ಮ ಮನೆಯ ಹಬ್ಬದ ಸಾಮಾನಿನಿಂದಲೇ ತುಂಬಿದ್ದರು.

ಹಬ್ಬ ಮುಗಿದ ಮೇಲೆ ನಾಲ್ಕು ಹಾಳೆಯ ವರದಿ ಬಂತು. ಹತ್ತು ಮಾತ್ಸಾಗಳಲ್ಲಿ ಏಳು ಮುರಿದಿದ್ದವು. ಹಲ್ಲಿಲ್ಲದವರಿಗೆ ಪುಡಿಯನ್ನು ಹೆಚ್ಚಿಸಬೇಕು. ಮೂಲಂಗಿಗೆ ಖಾರವಿಲ್ಲ, ಕಣ್ಣಲ್ಲಿ ನೀರೇ ಬರದಿದ್ದರೆ ಪೂರ್ವಜರು ಈಜಿಪ್ಟಿನಲ್ಲಿ ಮಾಡಿದ ಜೀತ ನೆನಪಾಗುವುದು ಹೇಗೆ? ಕೊನೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದರು: “ಮೀನು ತಿನ್ನಲಾಗಲಿಲ್ಲ. ಡಬ್ಬಿ ತೆರೆಯಲು ನನ್ನಲ್ಲಿರುವುದು ವರ್ಷವಿಡೀ ಬಳಸುವ ಓಪನರ್. ಪೆಸಾಖ್‌ನಲ್ಲಿ ಅದನ್ನು ಮುಟ್ಟುವಂತಿಲ್ಲ. ಬೆಲ್ಟ್ಸಿಯವರು ಏನು ಮಾಡುತ್ತಾರೆ, ಕಚ್ಚಿ ತೆರೆಯುತ್ತಾರೆಯೇ?”

ನಾವು ಬೆಲ್ಟ್ಸಿಗೆ ಬರೆದು ಕೇಳಿದೆವು. ನಾಲ್ಕು ವರ್ಷಗಳಿಂದ ಅಲ್ಲಿನ ಆಚಾರವಂತ ಮುದುಕರು ಮೀನಿನ ಡಬ್ಬಿಗಳನ್ನು ಎದುರಿಗಿಟ್ಟುಕೊಂಡು, ಹಬ್ಬ ಮುಗಿಯುವವರೆಗೆ ಬರಿಯ ಮಾತ್ಸಾ, ಚಹಾದಲ್ಲೇ ಕಾಲ ಕಳೆದಿದ್ದರಂತೆ. ಪಾತ್ರೆಗಳನ್ನೇ ಬದಲಿಸಿ ಹಬ್ಬ ಮಾಡುವ ನಮಗೆ, ನಮ್ಮ ಅಡುಗೆಮನೆಯ ಹಬ್ಬದ ಓಪನರ್ ಕಂಡಿತ್ತು, ಅವರಲ್ಲಿ ಅಂಥದ್ದಿಲ್ಲವೆಂಬುದು ಕಂಡಿರಲಿಲ್ಲ. ಮರುವರ್ಷದಿಂದ ಪ್ರತಿ ಪೆಟ್ಟಿಗೆಯಲ್ಲೂ ಹೊಸದೊಂದು ಓಪನರ್ ಸೇರಿತು. ಪರೀಕ್ಷಕರ ಹುದ್ದೆ ಕಾಯಂ ಆಯಿತು.

ಮೂರನೆಯ ವರ್ಷ ವರದಿ ತರಲು ನಾನೇ ಹೋದೆ. ಹಬ್ಬದ ಕೊನೆಯ ದಿನ ಕಳೆದಿತ್ತಷ್ಟೆ. ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಕೆಳಗಿನ ಮನೆಯ ತೆಳ್ಳನೆಯ ವೃದ್ಧರೊಬ್ಬರು ಮೂಲಂಗಿಯ ಸೀಸೆಯನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ನೋಡುತ್ತಿದ್ದರು. “ಇವ್ರು ನನ್ನ ಅಸಿಸ್ಟೆಂಟು” ಎಂದು ಲುಬೆಲ್ಸ್ಕಿ ಪರಿಚಯಿಸಿದರು. ನನ್ನನ್ನು ಬೀಳ್ಕೊಡಲು ಮೆಟ್ಟಿಲವರೆಗೆ ಬಂದು, ಬಾಗಿಲು ಎಳೆದುಕೊಂಡು, ದನಿ ತಗ್ಗಿಸಿದರು:

“ಸಂಘದಲ್ಲಿ ಯಾರಿಗೂ ಹೇಳ್ಬೇಡಮ್ಮ. ಪಾಪ, ಅವನ ಮನೇಲಿ ಏನೂ ಇಲ್ಲ. ಧರ್ಮಕ್ಕೆ ಕೊಟ್ರೆ ಮುಟ್ಟೋ ಆಸಾಮಿ ಅಲ್ಲ. ಅದಕ್ಕೇ ಪರೀಕ್ಷೆಗೆ ಒಬ್ನೇ ಸಾಲಲ್ಲ, ಬಾ ಅಂದೆ. ನಂಬ್ಬಿಟ್ಟ!”

ಮೆಟ್ಟಿಲು ಇಳಿಯುವಷ್ಟರಲ್ಲಿ ನನಗೆ ಎಲ್ಲವೂ ಅರ್ಥವಾಯಿತು: ಹೆಟ್ಟಿಯವರ ಪತ್ರವೂ ಇಂಥದೇ ನೆಪವಾಗಿತ್ತು. ದಾನದಿಂದ ಬದುಕುವವನೂ ದಾನ ಕೊಡಲೇಬೇಕೆಂದು ನಮ್ಮ ಧರ್ಮ ವಿಧಿಸುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಕಣ್ಣಾರೆ ಕಂಡದ್ದು ಅಂದು. ನಾಚಿಕೆಯಿಂದ ಕುಗ್ಗಿಹೋದೆ. ನೇರವಾಗಿ ಕಚೇರಿಗೆ ಹೋಗಿ, ಆ ದಿನ ಸಭೆಯಲ್ಲಿ ಏಕೆ ಹೇಳಲಿಲ್ಲವೆಂದು ಹೆಟ್ಟಿಯವರನ್ನು ಕೇಳಿದೆ.

“ಹೇಳಿದ್ರೆ ಹನ್ನೊಂದು ಜನಾನೂ ಲುಬೆಲ್ಸ್ಕಿ ಪರ ಕೈ ಎತ್ತುತ್ತಿದ್ರಿ. ಆಮೇಲೆ ಪ್ರತಿ ಶನಿವಾರ ಪ್ರಾರ್ಥನೆಗೆ ಬಂದಾಗ ಹನ್ನೊಂದು ಜನಾನೂ ಅವನನ್ನ ಅಯ್ಯೋ ಪಾಪ ಅಂತ ನೋಡ್ತಿದ್ರಿ. ಸೋತಿದ್ದೇ ಒಳ್ಳೇದಾಯ್ತು ಕಣೇ.”

ಅಸಿಸ್ಟೆಂಟಿನ ವಿಷಯ ತಿಳಿಸಿದಾಗ ಮಾತ್ರ ಅವರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, “ಹಾಗಾದ್ರೆ ಪೆಟ್ಟಿಗೆ ಸ್ವಲ್ಪ ದೊಡ್ಡದು ಮಾಡು” ಎಂದರು.

ಇಂದು ಲೀಡ್ಸಿನಲ್ಲಿ ಪರೀಕ್ಷಕರು ಇಪ್ಪತ್ತಮೂರು ಮಂದಿ. ಬೆಲ್ಟ್ಸಿಯಲ್ಲೂ ಒಂಬತ್ತು ಮಂದಿ ಇದ್ದಾರೆ. ಅಲ್ಲಿಂದ ಬರುವ ವರದಿಗಳು ಇನ್ನೂ ಕಟುವಾಗಿರುತ್ತವೆ. ವೈದ್ಯರೂ ವಕೀಲರೂ ಇರುವ ಈ ಪಟ್ಟಿಯಲ್ಲಿ ಪೆಟ್ಟಿಗೆ ಯಾರಿಗೆ ಬೇಕೇಬೇಕು, ಯಾರಿಗೆ ನೆಪಮಾತ್ರಕ್ಕೆ ಎಂಬುದು ಹೆಟ್ಟಿಯವರಿಗಲ್ಲದೆ ಬೇರೆಯವರಿಗೆ ತಿಳಿಯದು. ಅವರ ಸ್ಥಾನಕ್ಕೆ ನನ್ನನ್ನು ನೇಮಿಸಿದ್ದಾರೆ. ನಮ್ಮಲ್ಲಿ ಹಾರೈಸುವಂತೆ ಅವರು ನೂರ ಇಪ್ಪತ್ತು ವರ್ಷ ಬಾಳಲಿ. ಉಳಿದ ನಲವತ್ತೇಳು ವರ್ಷಗಳಲ್ಲಿ ವಾರಕ್ಕೊಮ್ಮೆಯಾದರೂ ಕಚೇರಿಗೆ ಬಂದು ನನ್ನ ಜಾಣತನಕ್ಕೆ “ಬೇಡ” ಎನ್ನುತ್ತಿರಲಿ.

ಬೀಗದ ಕೈ ಒಪ್ಪಿಸಿದ ದಿನ, ಆ ಪಟ್ಟಿಯಲ್ಲಿ ನಿಜವಾಗಿ ಹಸಿದವರು ಯಾರೆಂದು ನನಗಾದರೂ ಹೇಳಿಹೋಗಿ ಎಂದು ಕೇಳಿಕೊಂಡೆ. ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ನನ್ನನ್ನೇ ನೋಡಿದರು.

“ಎಲ್ಲರಿಗೂ ಕಳಿಸು” ಎಂದು ಹೇಳಿ ಹೊರಟರು.