ಎದೆಯ ಎರಡು ಚಿತ್ರ
ಇಂಡಿ ಊರಿನ ಗುರಣ್ಣ ಡಾಕ್ಟರ ದವಾಖಾನೆಗೆ ನೆಗಡಿಯೆಂದು ಹೋದವರೂ ಹೃದಯದ ಪಾಠ ಕೇಳದೆ ಹೊರಗೆ ಬರುತ್ತಿರಲಿಲ್ಲ. ಇಸಿಜಿ ಯಂತ್ರವೂ ಇಲ್ಲದ ಆ ಒಂದೇ ಕೋಣೆಯಲ್ಲಿ ಅವರು ವಿಲಾಯತಿಯ ವೈದ್ಯಪತ್ರಿಕೆ ಬಿಚ್ಚಿ, ಲಿಂಬೆ ವ್ಯಾಪಾರಿಗೂ ಕುರಿ ಕಾಯುವವನಿಗೂ ಚಿತ್ರ ತೋರಿಸುತ್ತಿದ್ದರು. "ಥ್ಯಾಲಿಯಂ ಅನ್ನೋ ಔಷಧದ ಸೂಜಿ ಹಾಕಿ ಫೋಟೊ ತಗದ್ರ, ಹೃದಯದಾಗ ರಕ್ತ ಎಲ್ಲಿ ಮುಟ್ಟವಲ್ದು ಅಂತ ಮೊದಲ ಗೊತ್ತಾಗ್ತೈತಿ. ಟೆಕ್ನೀಷಿಯಂ ಹಾಕಿದ್ರ, ಸತ್ತ ಭಾಗ ಹೊಳಿತೈತಿ." ಕೇಳಿದವರು ತಲೆಯಾಡಿಸಿ, ಗುಳಿಗೆ ತೆಗೆದುಕೊಂಡು ಹೋಗುವರು, ಉಳಿದದ್ದನ್ನು ಡಾಕ್ಟರು ಖಾಲಿ ಬೆಂಚಿಗೇ ಹೇಳಿ ಮುಗಿಸುವರು. ಒಮ್ಮೆ ಕಂಪೌಂಡರ್ ನಬಿಲಾಲ, "ಎರಡರಾಗ ಯಾವ್ದು ಚಲೋರಿ, ಸಾಹೇಬ್ರ?" ಎಂದು ಕೇಳಿದ. "ಮೊದಲ ಹೇಳೂದು ಚಲೋ, ನಬಿಲಾಲ," ಎಂದವರೇ ಕಿಟಕಿಯತ್ತ ತಿರುಗಿದರು. ಐದು ವರ್ಷದ ಹಿಂದೆ, ಎಪ್ಪತ್ಮೂರನೇ ಇಸವಿಯಲ್ಲಿ, ಹೆಂಡತಿ ಸುಂದರವ್ವ ಎದೆ ನೋಯುತ್ತದೆ ಎಂದಾಗ, ವಾಯು ಎಂದು ಸೋಡಾ ಕುಡಿಸಿ ಅವರು ದವಾಖಾನೆಗೆ ಬಂದಿದ್ದರು. ಮಧ್ಯಾಹ್ನ ಊಟಕ್ಕೆ ಹೋದಾಗ ಆಕೆ ಕದ ತೆರೆಯಲಿಲ್ಲ.