ಶಾಲೆಯ ಹೆಸರು ಬರೆಯದ ದಾನವ್ವ ಮೇಡಂ

ಶಿಕ್ಷಣ ನೀತಿಯ ಸಂಶೋಧನೆಯೆಂದರೆ ಅಂಕಿ ಅಂಶಗಳನ್ನು ಒಟ್ಟುಗೂಡಿಸಿ ಅಧಿಕಾರಿಗಳ ಮೇಜಿನ ಮೇಲಿಡುವ ಕೆಲಸವೆಂದು ತಿಳಿದವರೇ ಹೆಚ್ಚಾಗಿರುವ ಕಾಲದಲ್ಲಿ, ಅಂಕಿಯ ಹಿಂದಿರುವ ಮಗುವನ್ನು ಮೊದಲು ಮಾತನಾಡಿಸಬೇಕೆಂದು ಹಟ ಹಿಡಿದವರು ಡಾ. ದಾನವ್ವ ಹಲಗಲಿ ಅವರು. ಬರ್ಕ್ಲಿಯ ನಮ್ಮ ಸಂಶೋಧನಾ ಕೇಂದ್ರದಿಂದ ಈ ಬೇಸಿಗೆಯಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರ ಈ ಅಭಿನಂದನ ಗ್ರಂಥಕ್ಕೆ ಲೇಖನ ಕೇಳಿದಾಗ ಹಿಗ್ಗಬೇಕಾಗಿದ್ದ ನನಗೆ ಹೆದರಿಕೆಯಾಯಿತು. ಅವರು ಬಿಟ್ಟೇಳುವ ಕುರ್ಚಿಯಲ್ಲಿ ಕೂರಬೇಕಾದವಳು ನಾನು.

ಗದುಗಿನ ಕಡೆಯಿಂದ ಸಂಶೋಧನಾ ವಿದ್ಯಾರ್ಥಿನಿಯಾಗಿ ಬಂದ ಮೇಡಂ, ಆರನೆಯ ತರಗತಿಯಲ್ಲಿ ಕೆಳದರ್ಜೆಯ ಗಣಿತಕ್ಕೆ ಹಾಕಲ್ಪಟ್ಟ ಬಡಮಕ್ಕಳು ಮತ್ತೆಂದೂ ಮೇಲೆ ಬರುವುದಿಲ್ಲವೆಂಬುದನ್ನು ತೋರಿಸಿ ಹೆಸರಾದರು. ಮಂಡ್ಯದವಳಾದ ನಾನು ಅವರ ಶಿಷ್ಯೆಯಾಗಿ ಸೇರಿದಾಗ ನನ್ನ ಮಗಳು ಇನ್ನೂ ಕೈಗೂಸು. ಡೇಕೇರು ಮುಚ್ಚಿದ ದಿನಗಳಲ್ಲಿ ಅವಳನ್ನು ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡೇ ನನ್ನ ಪ್ರಬಂಧ ತಿದ್ದುತ್ತಿದ್ದರು. ತಿದ್ದುವುದರಲ್ಲಿ ಮಾತ್ರ ಒಂದಿಷ್ಟೂ ದಯೆ ತೋರಿಸುತ್ತಿರಲಿಲ್ಲ.

ಮೇಡಂ ಅವರ ಕೊನೆಯ ದೊಡ್ಡ ಅಧ್ಯಯನದಲ್ಲಿ ನಾನು ಅವರ ಜೊತೆಗಿದ್ದೆ. ಬರ್ಕ್ಲಿಯ ಸುತ್ತಮುತ್ತ, ಕೊಲ್ಲಿಯ ಪೂರ್ವದಂಡೆಯ ಕೆಲವು ಶಾಲೆಗಳಲ್ಲಿ ಗ್ವಾಟೆಮಾಲಾದಿಂದ ಹೊಸದಾಗಿ ಬಂದ ಮಕ್ಕಳು ಎರಡು ವರ್ಷವಾದರೂ ಏನೂ ಕಲಿಯುತ್ತಿಲ್ಲವೆಂಬ ದೂರಿತ್ತು. ಮನೆಮಾತು ಸ್ಪ್ಯಾನಿಶ್ ಎಂದು ದಾಖಲಾಗಿದ್ದುದರಿಂದ ಅವರಿಗೆ ಸ್ಪ್ಯಾನಿಶ್ ಬಲ್ಲ ಸಹಾಯಕರನ್ನೇ ಕೊಡಲಾಗಿತ್ತು. ನಾನೂ ಮಕ್ಕಳನ್ನು ಮನೆಮಾತು ಯಾವುದೆಂದೇ ಕೇಳಿ, ಅದೇ ಉತ್ತರ ತಂದೆ. ಮೇಡಂ ನಕ್ಕರು.

"ಮನ್ಯಾಗ ಯಾವ ಭಾಷಾ ಅಂತ ಕೇಳಬ್ಯಾಡ. ಅವ್ವ ಸಿಟ್ಟಿಗೆದ್ರ ಯಾವ ಭಾಷಾದಾಗ ಬೈತಾಳ ಅಂತ ಕೇಳು."

ಹಾಗೆ ಕೇಳಿದಾಗ ಮಕ್ಕಳು ಮುಸಿಮುಸಿ ನಗುತ್ತ ಹೇಳಿದ್ದು ಮಾಮ್ ಎಂಬ ಬೆಟ್ಟಸೀಮೆಯ ಭಾಷೆಯ ಹೆಸರನ್ನು. ಸ್ಪ್ಯಾನಿಶ್ ಅವರಿಗೆ ಇಂಗ್ಲಿಷಿನಷ್ಟೇ ದೂರ. ಅರ್ಥವಾಗದೆ ಸುಮ್ಮನೆ ಕೂತ ಮಕ್ಕಳನ್ನು ಶಾಲೆಗಳು ಮಂದಬುದ್ಧಿಯವರೆಂದು ಬೇರೆ ಕೋಣೆಗೆ ಕಳಿಸಿದ್ದವು. ಅಲ್ಲೊಬ್ಬಳು ಹುಡುಗಿ, ಲೆಕ್ಕದಲ್ಲಿ ಚುರುಕಾದವಳು, ದಿನವಿಡೀ ಬಣ್ಣ ತುಂಬುತ್ತ ಕೂತಿರುತ್ತಿದ್ದಳು.

ವರದಿ ಸಿದ್ಧವಾಯಿತು. ನಮಗೆ ಹಣ ಕೊಡುತ್ತಿದ್ದ ಪ್ಲೆಸೆಂಟನ್ ಊರಿನ ಟ್ರಸ್ಟಿನ ದ್ವಾರಕಾನಾಥರು ಒಳ್ಳೆಯವರು, ಆತುರದವರು.

"ಮೇಡಂ, ಸ್ಕೂಲುಗಳ ಹೆಸರು ಹಾಕ್ಬಿಡಿ. ಮುಂದಿನ ತಿಂಗಳೇ ಇಂಟರ್‌ಪ್ರಿಟರುಗಳನ್ನ ಕಳಿಸ್ತೀವಿ. ಹೆಸರೇ ಇಲ್ದೆ ಟ್ರಸ್ಟಿಗಳನ್ನ ಹೇಗೆ ಒಪ್ಪಿಸ್ಲಿ?"

ಹೆಸರು ಹಾಕಿದರೆ ಆ ಹುಡುಗಿ ಬಣ್ಣದ ಕೋಣೆಯಿಂದ ಹೊರಬರುತ್ತಿದ್ದಳು. ಆದರೆ ಮಾಮ್ ಆಡುವ ಕುಟುಂಬಗಳು ಬೆರಳೆಣಿಕೆಯಷ್ಟು. ಶಾಲೆ ತಿಳಿದರೆ ಬೀದಿ ತಿಳಿಯುತ್ತದೆ, ಬೀದಿ ತಿಳಿದರೆ ಮನೆ. ಕಾಗದಪತ್ರವಿಲ್ಲದೆ ದೇಶಕ್ಕೆ ಬಂದ ಇಂಥವರನ್ನು ವಲಸೆ ಅಧಿಕಾರಿಗಳು ಹಿಡಿದೊಯ್ಯುವ ಸುದ್ದಿ ಆಗಲೇ ದಿನಾ ಬರುತ್ತಿತ್ತು. ಮೇಡಂ ತಾವೊಬ್ಬರೇ ತೀರ್ಮಾನಿಸಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ತಾಯಂದಿರನ್ನು ಸೇರಿಸಿ, ದುಭಾಷಿಯ ಮೂಲಕ ವರದಿಯನ್ನು ಪೂರ್ತಿ ಓದಿಸಿದರು. ಪ್ರಕಟಣೆಗೆ ಮುನ್ನ ಯಾರ ವಿಷಯ ಬರೆದಿದೆಯೋ ಅವರಿಗೆ ಓದಿ ಹೇಳುವುದು ಅವರು ಎಂದೂ ಬಿಡದ ಪದ್ಧತಿ. ಆ ಹುಡುಗಿಯ ತಾಯಿ ಕೇಳಿದ್ದನ್ನು ದುಭಾಷಿ ತಲೆ ಎತ್ತದೆ ಹೇಳಿದಳು: "ಹೆಸರು ಬಂದರೆ ನನ್ನ ಮಗಳಿಗೆ ಪಾಠ ತಿಳಿಯುತ್ತದೆ. ಆದರೆ ಸಂಜೆ ಅವಳು ಮನೆಗೆ ಬಂದಾಗ ನಾನೇ ಇಲ್ಲದಿದ್ದರೆ?"

ಮೇಡಂ ಹೆಸರು ಬರೆಯಲಿಲ್ಲ. ಟ್ರಸ್ಟು ಹಿಂದೆ ಸರಿಯಿತು. ಮೇಡಂ ಜಿಲ್ಲೆಯಿಂದ ಜಿಲ್ಲೆಗೆ ಅಲೆದು, ಯಾವ ಶಾಲೆಯೂ ಎದ್ದು ಕಾಣದಂತೆ ಎಲ್ಲ ಶಾಲೆಗಳಲ್ಲೂ ಆ ಬೈಗುಳದ ಪ್ರಶ್ನೆ ಕೇಳಬೇಕೆಂದೂ ಮಗುವಿನ ಭಾಷೆ ಬಲ್ಲವರು ಫೋನಿನಲ್ಲಾದರೂ ಸಿಗಬೇಕೆಂದೂ ಅಧಿಕಾರಿಗಳನ್ನು ಒಪ್ಪಿಸುವಷ್ಟರಲ್ಲಿ ಒಂದು ವರ್ಷ ಕಳೆಯಿತು. ಇಂದು ಅನೇಕ ಮಕ್ಕಳು ಮಾಮೂಲಿ ತರಗತಿಯಲ್ಲಿ ಕೂತಿದ್ದಾರೆ. ಆ ಹುಡುಗಿ ಬೀಜಗಣಿತ ಕಲಿಯುತ್ತಿದ್ದಾಳೆ. ಆದರೆ ಆ ವರ್ಷವೆಲ್ಲ ಅವಳು ಬಣ್ಣ ತುಂಬಿದಳು. ಅವಳ ವರ್ಷ ಹಾಳುಮಾಡಿದವರು ನಾವೇ ಅಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಹೌದು, ನಾನ ಮಾಡಿದ್ದು," ಎಂದರು.

ಈಗ ಹೊಸ ಅಧ್ಯಯನ ನನ್ನ ಕೈಯಲ್ಲಿದೆ. ಟ್ರಸ್ಟು ಮರಳಿ ಬಂದಿದೆ, ಮತ್ತೆ ಹೆಸರು ಕೇಳುತ್ತಿದೆ. ಆ ಪ್ರಶ್ನೆ ಇನ್ನೂ ಮುಟ್ಟದ ಜಿಲ್ಲೆಗಳಲ್ಲಿ ಹೊಸ ಮಕ್ಕಳು ಅಂಥದೇ ಕೋಣೆಗಳಲ್ಲಿ ಕಾಯುತ್ತಿದ್ದಾರೆ. ಕಳೆದ ವಾರ ಮೇಡಂ ಮನೆಗೆ ಹೋಗಿ ಏನು ಮಾಡಲಿ ಎಂದು ಕೇಳಿದೆ.

"ತಾಯಂದಿರನ್ನ ಕೇಳಿದೇನು?"

"ಹೋಗಿದ್ದೆ ಮೇಡಂ. ಒಳಗೆ ಮಗು ಅಳೋದು ಕೇಳ್ಸುತ್ತೆ, ಯಾರೂ ಬಾಗಿಲು ತೆಗೀತಿಲ್ಲ."

"ಬಾಗಲಾ ತಗೀವಲ್ರು ಅಂದ್ರ ಅದ ಅವರ ಉತ್ತರ, ಬಿಂದು."

ಇಂದು ಬೆಳಿಗ್ಗೆ ದ್ವಾರಕಾನಾಥರಿಗೆ ಹೆಸರು ಕೊಡಲು ಆಗುವುದಿಲ್ಲವೆಂದು ತಿಳಿಸಿದೆ. ಸರಿ ಮಾಡಿದೆನೆಂಬ ಧೈರ್ಯ ಇನ್ನೂ ಬಂದಿಲ್ಲ. ಪೂಜ್ಯ ದಾನವ್ವ ಮೇಡಂ ಅವರಿಗೆ ಆಯುರಾರೋಗ್ಯಗಳು ತುಂಬಿ ಬರಲಿ, ಅವರ ಬರವಣಿಗೆ ಮುಂದುವರಿಯಲಿ ಎಂದು ಎಲ್ಲರೊಂದಿಗೆ ನಾನೂ ಪ್ರಾರ್ಥಿಸುತ್ತೇನೆ. ನನ್ನದು ಇನ್ನೊಂದು ಸ್ವಾರ್ಥದ ಬೇಡಿಕೆಯಿದೆ: ಆಗುವುದಿಲ್ಲವೆಂಬ ನನ್ನ ಈ ಮಾತಿನಿಂದ ಯಾವ ಮಗುವಿನ ವರ್ಷ ಹಾಳಾಯಿತೆಂದು ನನಗೆ ತಿಳಿಯುವ ದಿನ, ನನ್ನ ಫೋನು ಎತ್ತುವುದಕ್ಕೆ ಅವರು ಇರಲಿ.