ಗೋಬರ್ ಗ್ಯಾಸ್ ಓನರ್

ನಮ್ಮ ಓನರ್‌ಗೆ ಬಲಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಗ್ಯಾಸ್ ಬರುತ್ತಿದೆಯೋ ಇಲ್ಲವೋ ನೋಡಲೆಂದು ಒಲೆಯ ಮೇಲೆ ಬಗ್ಗಿ ಬೆಂಕಿಕಡ್ಡಿ ಗೀರಿದ್ದರಂತೆ. ಗ್ಯಾಸ್ ಬರುತ್ತಿತ್ತು. ಸುಟ್ಟ ಹುಬ್ಬು ಮತ್ತೆ ಬೆಳೆಯಲಿಲ್ಲ. ಕಚೇರಿಯ ಮೇಲಿನವರು ಮನೆಗೆ ಬರುವ ದಿನ ಹೆಂಡತಿಯ ಕಾಡಿಗೆಯಲ್ಲಿ ಅದನ್ನು ಬರೆದುಕೊಳ್ಳುತ್ತಿದ್ದರು. ಬೇಸಗೆಯಾದರೆ ಮಧ್ಯಾಹ್ನದ ಹೊತ್ತಿಗೆ ಹುಬ್ಬು ಕೆನ್ನೆಗೆ ಇಳಿದಿರುತ್ತಿತ್ತು. ಬಾಡಿಗೆದಾರರು ಓನರ್ ಮುಂದೆ ನಗುವಂತಿಲ್ಲ, ಹಾಗಾಗಿ ನಾವು ಒಳಗೆ ಬಂದು ನಗುತ್ತಿದ್ದೆವು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ. ಅವರನ್ನು ನೆನೆದರೆ ಇಂದಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಕತ್ರಿಗುಪ್ಪೆ ಇನ್ನೂ ಅರ್ಧ ಹಳ್ಳಿ. ಅವರ ವಠಾರದ ಐದು ಮನೆಗಳಲ್ಲಿ ಕೊನೆಯದು ನನ್ನದು ಮತ್ತು ಅಮ್ಮನದು. ಅಪ್ಪ ಇರಲಿಲ್ಲ. ನಾನು ಪಿಯುಸಿ ಓದುತ್ತಿದ್ದೆ. ಅಮ್ಮ ಒಬ್ಬಟ್ಟು ಮಾಡಿ ಮಾರಿ ನಮ್ಮಿಬ್ಬರನ್ನೂ ಸಾಕುತ್ತಿದ್ದಳು. ಜಯನಗರ, ಬನಶಂಕರಿ ಕಡೆ ದಿನಕ್ಕೊಂದು ಹೊಸ ಮನೆ ಏಳುತ್ತಿದ್ದ ಕಾಲ ಅದು. ಗೃಹಪ್ರವೇಶವೆಂದರೆ ನೈವೇದ್ಯಕ್ಕೆ ಒಬ್ಬಟ್ಟು ಆಗಲೇಬೇಕು. ಅಮ್ಮ ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು, ಮುಗಿಯುವ ತನಕ ಯಾರನ್ನೂ ಮುಟ್ಟದೆ ಮಾಡುತ್ತಾಳೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಕೈರುಚಿ ಇನ್ನೂ ನಾಲ್ಕು ಜನರಿಗೆ ಇದ್ದೀತು. ಜನ ಬಸ್ಸು ಹಿಡಿದು ನಮ್ಮ ಮನೆಗೆ ಬರುತ್ತಿದ್ದದ್ದು ಆ ಮಡಿಯ ನಂಬಿಕೆಯಿಂದ.

ಓನರ್ ಇಂಧನದ ವಿಷಯ ನೋಡಿಕೊಳ್ಳುವ ಯಾವುದೋ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ. ರೇಷನ್ ಅಂಗಡಿ ಮುಂದೆ ಸೀಮೆಎಣ್ಣೆಗೆ ಸಾಲು ನಿಂತಿದ್ದವರನ್ನು ಕಂಡರೆ ಸ್ಕೂಟರ್ ನಿಲ್ಲಿಸಿ ಭಾಷಣ ಮಾಡುತ್ತಿದ್ದರು. "ಅಲ್ಲಿ ಅರಬ್ಬರು ನಲ್ಲಿ ತಿರುಗಿಸಿದ್ರೆ ಇಲ್ಲಿ ನಿಮ್ಮ ಒಲೆ ಆರ್‍ತದೆ ಕಣ್ರೀ! ಪರ್ಯಾಯ ಇಂಧನ ಬೇಕ್ರೀ ಈ ದೇಶಕ್ಕೆ!" ಸಾಲಿನಲ್ಲಿದ್ದವರು ಡಬ್ಬ ಮುಂದಕ್ಕೆ ತಳ್ಳುತ್ತ ಹೂಂ ಅನ್ನುತ್ತಿದ್ದರು.

ಹಿತ್ತಲಲ್ಲಿ ನಾಲ್ಕು ಹಸು ಇದ್ದವು. ಸರ್ಕಾರದ ಸಹಾಯಧನದಲ್ಲಿ ಅಲ್ಲೇ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿ, ಮೇಲೆ ಕಬ್ಬಿಣದ ಡ್ರಮ್ ಕವುಚಿ, ಐದೂ ಮನೆಗೆ ಪೈಪ್ ಎಳೆಸಿದರು. ಅಂದಿನಿಂದ ವಠಾರದಲ್ಲಿ ಸೌದೆ ಒಲೆ, ಮರದ ಹೊಟ್ಟಿನ ಒಲೆ ಎರಡೂ ಬಂದ್. "ಹೊಗೆ ಬಡತನದ ಗುರುತು" ಎಂದು ತಾವೇ ನಿಂತು ನಮ್ಮ ಒಲೆಗಳನ್ನು ಒಡೆಸಿ ಹಾಕಿದರು. ಅವರ ಅಡುಗೆಮನೆಯಲ್ಲಿ ಮಾತ್ರ ಹೂವಿನ ಪರದೆಯ ಹಿಂದೆ ಎರಡು ಸಿಲಿಂಡರ್ ಕೂತಿದ್ದವು. ಜನ ವರ್ಷಗಟ್ಟಲೆ ಸಿಲಿಂಡರಿಗೆ ಹೆಸರು ಬರೆಸಿ ಕಾಯುತ್ತಿದ್ದಾಗ ಇವರಿಗೆ ಎರಡು! ದೇಶದ ಪರ್ಯಾಯ ಇಂಧನ ಬಾಡಿಗೆದಾರರಿಗೆ, ಅಸಲಿ ಇಂಧನ ಅಧಿಕಾರಿಗಳಿಗೆ.

ಆದರೂ ಅಮ್ಮ ಅವರನ್ನು ಹೊಗಳುತ್ತಿದ್ದಳು. ಊದುಕೊಳವೆ ಬೇಡ, ಕಣ್ಣುರಿ ಇಲ್ಲ, ತವದ ತಳಕ್ಕೆ ಮಸಿ ಇಲ್ಲ. ಹಸುವಿನ ಸಗಣಿಯ ಉರಿ ಎಂದ ಮೇಲೆ ಮಡಿಗೂ ಅಡ್ಡಿಯಿಲ್ಲ.

ಎರಡನೇ ವರ್ಷ ಮೇಯುವ ಬಯಲೆಲ್ಲ ಸೈಟಾಗಿ ಓನರ್ ಎರಡು ಹಸು ಮಾರಿದರು. ಉರಿ ಸಣ್ಣಗಾಯಿತು, ಒಬ್ಬಟ್ಟು ಬೇಯುವ ಬದಲು ಒಣಗತೊಡಗಿತು. ಆಮೇಲೊಮ್ಮೆ ಹಿತ್ತಲಲ್ಲಿ ಒಂದು ವಾರ ಅಗೆತ ನಡೆಯಿತು. ಕೇಳಿದ್ದಕ್ಕೆ "ಡ್ರೈನೇಜ್ ರಿಪೇರಿ" ಎಂದರು. ತಿಂಗಳು ಕಳೆಯುವುದರೊಳಗೆ ಉರಿ ಮತ್ತೆ ಭರ್ಜರಿಯಾಯಿತು. "ಓನರ್ ದೇವರಂಥೋರು ಕಣೇ" ಎಂದಳು ಅಮ್ಮ.

ಆ ವರ್ಷವೇ ಗುಂಡಿ ನೋಡಲು ದೊಡ್ಡ ಅಧಿಕಾರಿಗಳು ಬಂದರು. ಫೋಟೋದವನೂ ಬಂದ. ಓನರ್ ಹುಬ್ಬು ಬರೆದುಕೊಂಡು ಎಲ್ಲರನ್ನೂ ನಮ್ಮ ಬಾಗಿಲಿಗೇ ಕರೆತಂದರು. ಮಾರನೆಯ ದಿನದ ಗೃಹಪ್ರವೇಶಕ್ಕೆಂದು ಅಮ್ಮ ಒಬ್ಬಟ್ಟು ಬೇಯಿಸುತ್ತಿದ್ದಳು. ಅದನ್ನು ಒಯ್ಯಲು ಜಯನಗರದ ಆಕೆಯೊಬ್ಬರು ಡಬ್ಬ ಹಿಡಿದು ಪಡಸಾಲೆಯಲ್ಲಿ ಕಾದಿದ್ದರು. ಫೋಟೋ ತೆಗೆದಾದ ಮೇಲೆ ಓನರ್ ಗಂಟಲು ಸರಿಮಾಡಿಕೊಂಡು, ವಠಾರಕ್ಕೆಲ್ಲ ಕೇಳುವಂತೆ ಹೇಳಿದರು:

"ಎರಡೇ ಹಸು ಸಾರ್! ಉಳಿದಿದ್ದು ಈ ಐದು ಮನೆ ಕಕ್ಕಸಿಂದ. ಎಲ್ಲಾ ಪೈಪೂ ಗುಂಡಿಗೇ ಕೊಟ್ಟಿದೀನಿ. ಈ ಒಬ್ಬಟ್ಟು ಬೇಯ್ತಿರೋದು ಅದೇ ಗ್ಯಾಸಲ್ಲಿ!"

ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ಜಯನಗರದಾಕೆ ಖಾಲಿ ಡಬ್ಬಕ್ಕೆ ಮುಚ್ಚಳ ಹಾಕಿ, ಚಪ್ಪಲಿ ಮೆಟ್ಟಿ ಹೊರಟುಹೋದರು. ಅಮ್ಮ ಸಟ್ಟುಗ ಹಿಡಿದು ನಿಂತೇ ಇದ್ದಳು, ತವದ ಮೇಲಿದ್ದದ್ದು ಸೀದು ಕರಕಾಯಿತು.

ಸುದ್ದಿ ಹಬ್ಬಲು ಒಂದು ವಾರ ಸಾಕಾಯಿತು. ಆಮೇಲೆ ಒಬ್ಬಟ್ಟು ಕೇಳಿಕೊಂಡು ನಮ್ಮ ಬಾಗಿಲಿಗೆ ಒಬ್ಬರೂ ಬರಲಿಲ್ಲ. ಅಮ್ಮ ಓನರ್ ಮನೆಗೆ ಹೋದಳು, ಜೊತೆಗೆ ನಾನೂ ಹೋದೆ.

"ಒಂದು ಮಾತು ಮೊದಲೇ ಹೇಳಬಹುದಿತ್ತಲ್ಲ ಸಾರ್?"

"ಗ್ಯಾಸಿಗೆ ಮಡಿ ಮೈಲಿಗೆ ಇಲ್ಲಮ್ಮ. ಸ್ವಲ್ಪ ವಿದ್ಯಾವಂತರ ಥರ ಯೋಚನೆ ಮಾಡಿ."

"ಗ್ಯಾಸಿಗಿಲ್ಲ ಸಾರ್, ತಿನ್ನೋರಿಗೆ ಇದೆಯಲ್ಲ. ಹೋಗ್ಲಿ, ನಿಮಗೆ ಇಲ್ದಿದ್ರೆ ನಿಮ್ಮ ಸಿಲಿಂಡರ್ ನನಗೆ ಕೊಡಿ. ಈ ಗ್ಯಾಸು ನೀವಿಟ್ಕೊಳ್ಳಿ."

ಮರುವಾರ ಮನೆ ಖಾಲಿ ಮಾಡಲು ಹೇಳಿ ಕಳಿಸಿದರು.

ನಾವು ವಸಂತಪುರದ ಕಡೆ ಒಂದು ಹೆಂಚಿನ ಕೋಣೆಗೆ ಹೋದೆವು. ಕಕ್ಕಸಿನ ಕಥೆ ಅಲ್ಲಿಗೂ ನಮ್ಮ ಹಿಂದೆಯೇ ಬಂತು. ಅಮ್ಮ ಅಗರಬತ್ತಿ ಹೊಸೆಯಲು ಕೂತಳು. ಮೊದಲ ದಿನ ಅಂಗೈ ಕಪ್ಪಾಗಿದ್ದು ನೋಡಿ ನಾನು ಅತ್ತೆ, ಅವಳು ನನ್ನನ್ನು ಗದರಿದಳು. ಮುಂದೆ ನಾನು ರಸಾಯನಶಾಸ್ತ್ರದ ಮೇಡಂ ಆದೆ. ಸಗಣಿಯಿಂದ ಬಂದರೂ ಕಕ್ಕಸಿನಿಂದ ಬಂದರೂ ಅನಿಲ ಒಂದೇ ಎಂದು ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ. ಆ ಮನುಷ್ಯ ಹೇಳಿದ್ದು ಸರಿಯಾಗಿತ್ತು ಎಂಬುದೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ಸರಿಯಾದ ಮಾತು ಗೊತ್ತಿರುವವರು ಬೇರೆಯವರ ಒಲೆಗೆ ಕೈಹಾಕುವ ಮೊದಲು ಕೇಳಬೇಕಿಲ್ಲ ಎಂದು ಅವರು ತಿಳಿದಿದ್ದರು.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಅವರು ಎದೆನೋವಿನಿಂದ ಸತ್ತರು. ತಿಂಗಳಾದ ಮೇಲೆ ಮಗ ನಮ್ಮನ್ನು ಹುಡುಕಿಕೊಂಡು ಬಂದ. ತಂದೆಯ ನೆನಪಿಗೆ ಪುಸ್ತಕ ತರುತ್ತಾನಂತೆ. ಒಲೆಯ ಮುಂದೆ ಅಮ್ಮ ನಿಂತಿದ್ದ ಆ ದಿನದ ಫೋಟೋ ಹಾಕುತ್ತಾನಂತೆ. "ಕೆಳಗೆ ಹಾಕೋಕೆ ಎರಡು ಮಾತು ಹೇಳಿ ಅಮ್ಮಾ" ಎಂದ.

ಅಮ್ಮ ಯೋಚಿಸಿ ನಿಧಾನವಾಗಿ ಹೇಳಿದಳು, ಅವನು ಬರೆದುಕೊಂಡ. "ಗ್ಯಾಸ್ ಚೆನ್ನಾಗಿತ್ತು. ಕಕ್ಕಸಿನ ವಿಷಯ ಮೊದಲೇ ಹೇಳಿದ್ದಿದ್ರೆ ಮನೆ ಅಡುಗೆಗೆ ಅದನ್ನೇ ಉರಿಸ್ತಿದ್ದೆ, ಒಬ್ಬಟ್ಟಿಗೆ ಹಿತ್ತಲಲ್ಲಿ ಒಂದು ಸೌದೆ ಒಲೆ ಹಾಕ್ಕೋತಿದ್ದೆ. ನಮ್ಮನ್ನ ಯಾರೂ ಕೇಳಲಿಲ್ಲ."

ಪುಸ್ತಕ ಅಂಚೆಯಲ್ಲಿ ಬಂತು. ಅಮ್ಮನಿಗೆ ಓದಲು ಬಾರದು. ಫೋಟೋ ಮೇಲೆ ಬೆರಳಾಡಿಸಿ, "ನಾನು ಹೇಳಿದ್ದು ಹಾಕಿದಾನಾ? ಓದು" ಎಂದಳು. ಫೋಟೋದ ಕೆಳಗೆ ಇದ್ದದ್ದು ಎರಡೇ ಪದ: ಗ್ಯಾಸ್ ಚೆನ್ನಾಗಿತ್ತು.

ನಾನು ಪುಸ್ತಕವನ್ನು ಮುಖದ ಹತ್ತಿರ ಹಿಡಿದು, ಅವಳು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಓದಿದೆ.

"ಅಪ್ಪನಿಗಿಂತ ಮಗ ವಾಸಿ ಕಣೇ" ಎಂದಳು ಅಮ್ಮ. "ಕೇಳಿದ್ದನ್ನ ಪೂರ್ತಿ ಹಾಕಿದಾನೆ."